ಹಸಿರು ನೈಟ್ ಯಾಕೆ ಯಾವಾಗ್ಲೂ ವಿಲನ್? ಮಿಡೀವಲ್ ಟೈಮ್ಸ್ ಪಾತ್ರಗಳ ಅಸಲಿ ಕಥೆ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೀವಿ. ಊರಿಂದ ಅತ್ತೆ ಮಾವ ಬಂದಿದ್ರು, ಎಲ್ಲರೂ ಸೇರಿ ಲಿಂಡ್‌ಹರ್ಸ್ಟ್‌ನ ಮಿಡೀವಲ್ ಟೈಮ್ಸ್ ಶೋಗೆ ಹೋಗಿದ್ವಿ, ಊಟ ಮಾಡ್ತಾ ನೈಟ್‌ಗಳ (ಹಳೇ ಯುರೋಪಿನ ಕುದುರೆ ಯೋಧರ) ಕಾಳಗ ನೋಡೋ ಶೋ ಅದು. ಒಂದೊಂದು ಬಣ್ಣದ ಸೆಕ್ಷನ್‌ನಲ್ಲಿ ಕೂತೋರು ಆ ಬಣ್ಣದ ನೈಟ್‌ಗೆ ಚಪ್ಪಾಳೆ ಹೊಡೀಬೇಕು, ನಮಗೆ ಸಿಕ್ಕಿದ್ದು ಹಸಿರು ಸೆಕ್ಷನ್. ನಮ್ಮ ಹಸಿರು ನೈಟ್ ಮೋಸ ಮಾಡ್ತಾನೆ, ಎಲ್ಲರೂ ಅವನಿಗೆ "ಬೂ" ಅಂತಾರೆ. "ನಾವ್ಯಾಕೆ ಕೆಟ್ಟವನಿಗೆ ಚಪ್ಪಾಳೆ ಹೊಡೀಬೇಕು" ಅಂತ ಒಂಬತ್ತು ವರ್ಷದ ಮಗ ಮನೆಗೆ ಬರೋವರೆಗೂ ಕೇಳ್ತಿದ್ದ. ಮಾವ "ಇದೆಲ್ಲಾ ಬರೀ ನಾಟಕ ಕಣೋ, ನಿಜವಾಗಿ ಹೀಗೆಲ್ಲಾ ಇರ್ಲಿಲ್ಲ" ಅಂದ್ಬಿಟ್ರು. ನಿಜವಾದ ಟೂರ್ನಮೆಂಟಲ್ಲೂ ಹೀಗೆ ಪಾತ್ರಗಳು ಇರ್ತಿದ್ವಾ? ಆ ಕಾಲದಲ್ಲಿ ರಾಣಿ ಆಳ್ತಿದ್ಲಾ? ಕುದುರೆಯಿಂದ ಬೀಳೋದು ನಿಜಾನಾ? ಮಗನಿಗೆ ಇದರ ಬಗ್ಗೆ ಇನ್ನೂ ತಿಳ್ಕೋಬೇಕು ಅಂತ ಆಸೆ, ಏನು ತೋರಿಸ್ಲಿ?

ಉತ್ತರ: ಮೇಡಂ, ನಿಮ್ಮ ಮಗನ ಪ್ರಶ್ನೆ ತುಂಬಾ ಇಷ್ಟ ಆಯ್ತು ನನಗೆ. ನೇರ ಉತ್ತರ ಮೊದಲು ಹೇಳ್ಬಿಡ್ತೀನಿ. ಯುರೋಪಿನ ನಿಜವಾದ ಟೂರ್ನಮೆಂಟುಗಳಲ್ಲಿ, ಅಂದ್ರೆ ನೈಟ್‌ಗಳ ಕಾಳಗದ ಪಂದ್ಯಗಳಲ್ಲಿ, ವಿಲನ್ ಅನ್ನೋ ಪಾತ್ರ ಇರ್ಲಿಲ್ಲ. ಆದ್ರೆ ಪಾತ್ರ ಇತ್ತು, ವೇಷ ಇತ್ತು, ಸುಳ್ಳು ಹೆಸರು ಇತ್ತು, ಕಥೆ ಇತ್ತು, ರಾಜರೇ ಬೇರೆ ಯಾರೋ ಆಗಿ ಕುದುರೆ ಏರಿ ಬರ್ತಿದ್ರು. ನಿಮ್ಮ ಮಾವನವರು ನಾಟಕ ಅಂದ್ರಲ್ಲ, ನನ್ನ ಪ್ರಕಾರ ಇಡೀ ಶೋನಲ್ಲಿ ಇತಿಹಾಸಕ್ಕೆ ಎಲ್ಲಕ್ಕಿಂತ ಹತ್ತಿರ ಇರೋದು ಆ ನಾಟಕದ ಭಾಗನೇ. ಹೇಗೆ ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಶೋ ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಇದರ ಬೇರು ಸ್ಪೇನ್‌ನಲ್ಲಿದೆ, ಮಯೋರ್ಕಾ ದ್ವೀಪಕ್ಕೆ ಬರೋ ಟೂರಿಸ್ಟ್‌ಗಳಿಗೆ ಊಟದ ಜೊತೆ ನೈಟ್‌ಗಳ ಕಾಳಗ ತೋರಿಸ್ತಿದ್ರು, ಅದನ್ನೇ 1983ರ ಡಿಸೆಂಬರಲ್ಲಿ ಫ್ಲಾರಿಡಾದ ಕಿಸಿಮ್ಮಿಗೆ ತಂದ್ರು, ಡಿಸ್ನಿ ನೋಡೋಕೆ ಬರೋ ಕುಟುಂಬಗಳು ಆ ಕಡೆ ಹೇಗೂ ಇರ್ತಾವಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್, 1990ರಲ್ಲಿ ನೀವು ಹೋದ ಲಿಂಡ್‌ಹರ್ಸ್ಟ್, ಆಮೇಲೆ ಶಿಕಾಗೋ ಹತ್ತಿರ ಶಾಮ್‌ಬರ್ಗ್, ಡಲ್ಲಾಸ್, ಟೊರೊಂಟೊ ಹೀಗೆ ಒಂದೊಂದೇ ಕೋಟೆ ಎದ್ದವು. ಹಾಗಾಗಿ ಕಥೆ ನಡೆಯೋದು ಇಂಗ್ಲೆಂಡಲ್ಲಲ್ಲ, 11ನೇ ಶತಮಾನದ ಸ್ಪೇನಲ್ಲಿ. ತುಂಬಾ ಜನ ಇದನ್ನ ಕಿಂಗ್ ಆರ್ಥರ್ ಕಥೆ ಅಂದ್ಕೊಂಡು ಬರ್ತಾರೆ. ಆರ್ಥರ್ ಬೇಕಂದ್ರೆ ಲಾಸ್ ವೇಗಸ್‌ನ ಎಕ್ಸ್‌ಕ್ಯಾಲಿಬರ್ ಹೋಟೆಲ್‌ಗೆ ಹೋಗ್ಬೇಕು, ಅಲ್ಲಿನ ಟೂರ್ನಮೆಂಟ್ ಆಫ್ ಕಿಂಗ್ಸ್ ಶೋನಲ್ಲಿ ಆರ್ಥರ್, ಮರ್ಲಿನ್, ಮಾರ್ಡ್ರೆಡ್ ಎಲ್ಲಾ ಇದ್ದಾರೆ.

ಈಗ ಆ ಅಖಾಡ ನೆನಪು ಮಾಡ್ಕೊಳ್ಳಿ. ಸಾವಿರದಷ್ಟು ಜನ ಸುತ್ತ ಕೂತು ಕೈಯಲ್ಲೇ ಚಿಕನ್ ಹರ್ಕೊಂಡು ತಿಂತಿರ್ತಾರೆ, ಮಕ್ಕಳು ಕೂಗ್ತಿರ್ತಾರೆ, ಕೆಳಗೆ ಮರಳಲ್ಲಿ ಕುದುರೆ ಓಡ್ತಿರ್ತವೆ, ಇಂಥಾ ಕಡೆ ಉದ್ದುದ್ದ ಡೈಲಾಗ್ ಹೇಳಿ ಪಾತ್ರ ಕಟ್ಟೋಕೆ ಆಗಲ್ಲ. ಮಾತಾಡೋ ಕೆಲಸ ರಾಣಿ, ಚಾನ್ಸಲರ್, ಮಾರ್ಷಲ್ ಅಂತ ಎರಡು ಮೂರು ಜನಕ್ಕೆ ಮಾತ್ರ. ಆರು ಜನ ನೈಟ್‌ಗಳಿಗೆ ಬಣ್ಣವೇ ಮಾತು: ಕೆಂಪು, ನೀಲಿ, ಹಸಿರು, ಹಳದಿ, ಕೆಂಪು-ಹಳದಿ, ಕಪ್ಪು-ಬಿಳುಪು. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದ ತಕ್ಷಣ, ಅದು ಬಾಯಿ ಬಿಡೋ ಮುಂಚೆನೇ ರಕ್ಕಸ ಅಂತ ಹಿಂದಿನ ಸಾಲಲ್ಲಿ ಕೂತ ಮಗುವಿಗೂ ಗೊತ್ತಾಗುತ್ತಲ್ಲ, ಅದೇ ಲೆಕ್ಕ. ನಿಮಗೆ ಕೊಟ್ಟ ಬಣ್ಣದ ಕಾಗದದ ಕಿರೀಟನೂ ಅದೇ ಕೆಲಸ ಮಾಡುತ್ತೆ, ಅದನ್ನ ತಲೆಗೆ ಇಟ್ಕೊಂಡ ಕ್ಷಣ ನೀವೂ ಒಂದು ಪಾತ್ರ, ಆ ನೈಟ್‌ನ ಊರಿನ ಪ್ರಜೆ.

ಹಸಿರು ಯಾಕೆ ಕೆಟ್ಟವನು ಅಂದ್ರೆ, ಅದು ಶೋನೊಳಗೆ ಬೆಳ್ಕೊಂಡು ಬಂದ ಸಂಪ್ರದಾಯ, ಅಭಿಮಾನಿಗಳಲ್ಲಿ ಹಸಿರು ನೈಟ್‌ಗೆ ಬಹಳ ವರ್ಷದಿಂದ ಆ ಪಟ್ಟ ಇದೆ. ಇತಿಹಾಸದಲ್ಲಿ ಹಸಿರಿಗೂ ಮೋಸಕ್ಕೂ ಸಂಬಂಧ ಏನೂ ಇಲ್ಲ. ಆರು ಜನನೂ ಒಳ್ಳೆಯವರು, ಆರು ಜನನೂ ಒಂದೇ ರಾಣಿಯ ಕಡೆಯವರು ಅಂದ್ರೆ ಎರಡು ಗಂಟೆ ಕಥೆ ಓಡಲ್ಲ, ಒಬ್ಬನಾದ್ರೂ ನಿಯಮ ಮುರೀಬೇಕು, ಹಿಂದಿನಿಂದ ಹೊಡೀಬೇಕು, ಆಗ್ಲೇ ಉಳಿದ ಐದು ಸೆಕ್ಷನ್‌ಗೆ ಕೂಗೋಕೆ ಒಂದು ಕಾರಣ ಸಿಗೋದು. ಹಾಗಂತ ಬಣ್ಣ ಹಿಡ್ಕೊಂಡು ಜನ ಎರಡು ಪಾಲಾಗೋದೇನೂ ಹೊಸದಲ್ಲ. ನೈಟ್‌ಗಳು ಹುಟ್ಟೋಕೆ ಎಷ್ಟೋ ಮುಂಚೆ ಕಾನ್‌ಸ್ಟಾಂಟಿನೋಪಲ್‌ನ (ಈಗಿನ ಇಸ್ತಾಂಬುಲ್) ರಥದ ಓಟದಲ್ಲಿ ನೀಲಿ ಪಾರ್ಟಿ, ಹಸಿರು ಪಾರ್ಟಿ ಅಂತ ಇದ್ವು, 532ರಲ್ಲಿ ಆ ಎರಡೂ ಒಂದಾಗಿ ಚಕ್ರವರ್ತಿ ಜಸ್ಟೀನಿಯನ್ ಮೇಲೆ ದಂಗೆ ಎದ್ದು ಅರ್ಧ ಊರು ಸುಟ್ಟು ಹೋಯ್ತು.

ಇನ್ನು ನಿಜವಾದ ಟೂರ್ನಮೆಂಟ್‌ಗೆ ಬರೋಣ, ನನಗೆ ಹೇಳ್ಬೇಕಾಗಿರೋದೆಲ್ಲಾ ಇಲ್ಲೇ ಇದೆ. ಶೋನಲ್ಲಿ ಸ್ಪೇನ್‌ನ ನೈಟ್‌ಗಳು ಅಂತಾರಲ್ಲ, ಆ ಸ್ಪೇನಲ್ಲೇ, ಲಿಯೋನ್ ಪ್ರಾಂತ್ಯದಲ್ಲಿ, 1434ರಲ್ಲಿ ಒಂದು ಘಟನೆ ನಡೀತು. ಸುಯೆರೊ ದೆ ಕಿನ್ಯೋನೆಸ್ ಅಂತ ಒಬ್ಬ ಯುವ ನೈಟ್. ತಾನು ಒಬ್ಬಳು ಹೆಂಗಸಿನ ಪ್ರೇಮದ ಕೈದಿ, ಅದಕ್ಕೆ ಗುರುತಾಗಿ ಪ್ರತಿ ಗುರುವಾರ ಕುತ್ತಿಗೆಗೆ ಕಬ್ಬಿಣದ ಪಟ್ಟಿ ಹಾಕ್ಕೋತೀನಿ ಅಂತ ಅವನ ಹರಕೆ. ಈ ಸೆರೆಯಿಂದ ಬಿಡುಗಡೆ ಬೇಕಂದ್ರೆ 300 ಲ್ಯಾನ್ಸ್ ಮುರೀಬೇಕು, ಲ್ಯಾನ್ಸ್ ಅಂದ್ರೆ ಆ ಉದ್ದದ ಈಟಿ. ಕ್ಯಾಸ್ಟೀಲ್‌ನ ರಾಜ ಎರಡನೇ ಹುವಾನ್ ಹತ್ರ ಹೋಗಿ, ಆಸ್ಥಾನದಲ್ಲಿ ಎಲ್ಲರ ಎದುರು ಅನುಮತಿ ಕೇಳಿ, ಒಂಬತ್ತು ಜನ ಗೆಳೆಯರನ್ನ ಕಟ್ಕೊಂಡು ಓರ್ಬಿಗೊ ನದಿಯ ಸೇತುವೆ ಹತ್ರ ಡೇರೆ ಹಾಕಿ ಕೂತ. ಕ್ರೈಸ್ತರು ಸಾಂತಿಯಾಗೊ ಯಾತ್ರೆಗೆ ಹೋಗೋ ದಾರಿ ಅದು, ಜನ ಓಡಾಡ್ತಾನೇ ಇರ್ತಾರೆ. ಆ ದಾರೀಲಿ ಬರೋ ಯಾವುದೇ ನೈಟ್ ಇವರ ಜೊತೆ ಜೌಸ್ಟ್ ಮಾಡ್ಬೇಕು, ಅಂದ್ರೆ ಇಬ್ಬರೂ ಎದುರುಬದುರಾಗಿ ಕುದುರೆ ಓಡಿಸ್ಕೊಂಡು ಬಂದು ಲ್ಯಾನ್ಸಿಂದ ಹೊಡೀಬೇಕು. ತನಗಾಗಿ ಕಾದಾಡೋ ನೈಟ್ ಇಲ್ಲದೆ ಬರೋ ಶ್ರೀಮಂತ ಹೆಂಗಸು ಬಲಗೈ ಗ್ಲೌಸ್ ಬಿಚ್ಚಿ ಕೊಟ್ಟು ಹೋಗ್ಬೇಕು, ಯಾರಾದ್ರೂ ನೈಟ್ ಅವಳ ಪರವಾಗಿ ಕಾದಾಡಿ ಅದನ್ನ ಬಿಡಿಸ್ಕೊಡಬಹುದು.

ಇದೆಲ್ಲಾ ಯಾರೋ ಕವಿ ಕಟ್ಟಿದ್ದಲ್ಲ. ಒಬ್ಬ ನೋಟರಿ ಅಲ್ಲೇ ಕೂತು ಪ್ರತಿ ಓಟ, ಪ್ರತಿ ಪೆಟ್ಟು ಬರೆದಿಟ್ಟಿದ್ದಾನೆ, ಹಾಗಾಗಿ ಯಾರು ಯಾರಿಗೆ ಎಲ್ಲಿ ಹೊಡೆದ ಅಂತ ಇವತ್ತಿಗೂ ಓದಬಹುದು. ಸುಮಾರು ಒಂದು ತಿಂಗಳು ನಡೀತು, 60ಕ್ಕೂ ಹೆಚ್ಚು ಜನ ಎದುರಾಳಿಗಳು ಬಂದ್ರು. 300 ಮುರಿಯೋಕಾಗ್ಲಿಲ್ಲ, 200ನ್ನೂ ಮುಟ್ಟಲಿಲ್ಲ, ಅಷ್ಟೊತ್ತಿಗೆ ಸುಯೆರೊ ಕಡೆಯವರೇ ಗಾಯ ಆಗಿ ಮಲಗಿಬಿಟ್ಟಿದ್ರು. ಕೊನೆಗೆ ತೀರ್ಪುಗಾರರು ಹರಕೆ ತೀರಿತು ಅಂತ ಘೋಷಿಸಿ ಕುತ್ತಿಗೆಯ ಪಟ್ಟಿ ತೆಗೆಸಿದ್ರು.

ನಿಮ್ಮ ಮಗನಿಗೆ ಹೇಳ್ಬೇಕಾದ ವಿಷಯ ಈಗ ಬರುತ್ತೆ. ಈ ಸುಯೆರೊ ಮುಂಚೆನೇ ಬರೆದು ಸಾರಿದ ನಿಯಮಗಳಲ್ಲಿ, ಎದುರಾಳಿಗೆ ಕುದುರೆ, ಕವಚ, ಲ್ಯಾನ್ಸ್ ಇಲ್ಲದಿದ್ರೆ ನಾನೇ ಕೊಡ್ತೀನಿ, ನನಗಿರೋದಕ್ಕಿಂತ ಕಮ್ಮಿದು ಕೊಡಲ್ಲ ಅಂತ ಇದೆ. ಗಾಯ ಆದ್ರೆ ನನಗೆ ಮಾಡಿಕೊಳ್ಳೋ ಹಾಗೇ ಆರೈಕೆ ಮಾಡಿಸ್ತೀನಿ ಅಂತನೂ ಇದೆ. ಎದುರಾಳಿ ಅಂದ್ರೆ ಅತಿಥಿ. ಎದುರಿಗೆ ಒಳ್ಳೆ ನೈಟ್ ಇಲ್ಲದೆ ನನ್ನ ಗೆಲುವಿಗೆ ಬೆಲೆ ಎಲ್ಲಿಂದ ಬರುತ್ತೆ? ಹಗಲು ಲ್ಯಾನ್ಸ್ ಮುರಿದೋರು ರಾತ್ರಿ ಜೊತೇಲೇ ಊಟ ಮಾಡ್ತಿದ್ರು. ಹಿಂದಿನಿಂದ ಹೊಡೆಯೋ ನೈಟ್ ಆ ಡೇರೆಗಳಲ್ಲಿ ಒಂದು ದಿನನೂ ಉಳೀತಿರ್ಲಿಲ್ಲ.

ಹಾಗಂತ ಅಪಾಯ ಇರ್ಲಿಲ್ಲ ಅಂತಲ್ಲ. ಆ ಸೇತುವೆ ಹತ್ರನೇ ಅರಗಾನ್ ಕಡೆಯ ನೈಟ್ ಒಬ್ಬನಿಗೆ ಲ್ಯಾನ್ಸ್ ಹೆಲ್ಮೆಟ್‌ನ ಕಿಂಡಿಯೊಳಗೆ ಹೊಕ್ಕು ಅಲ್ಲೇ ಸತ್ತ. ಜೌಸ್ಟಲ್ಲಿ ಸತ್ತವನು ಅಂತ ಪವಿತ್ರ ಭೂಮಿಯಲ್ಲಿ ಹೂಳೋಕೆ ಚರ್ಚ್‌ನೋರು ಒಪ್ಪಲಿಲ್ಲ. ಈಗಲೂ ಓಸ್ಪಿತಾಲ್ ದೆ ಓರ್ಬಿಗೊ ಅನ್ನೋ ಆ ಊರಲ್ಲಿ ಪ್ರತಿ ಜೂನ್‌ನಲ್ಲಿ ಅದೇ ಸೇತುವೆ ಪಕ್ಕ ಈ ಜೌಸ್ಟನ್ನ ವೇಷ ಹಾಕಿ ಮತ್ತೆ ಆಡ್ತಾರೆ. ಯಾವತ್ತಾದ್ರೂ ಆ ಕಡೆ ಟ್ರಿಪ್ ಹೋದ್ರೆ ಬಿಡಬೇಡಿ, ಸೇತುವೆ ಇನ್ನೂ ಇದೆ, ತುಂಬಾ ಉದ್ದದ ಕಲ್ಲಿನ ಸೇತುವೆ.

ಈಗ ನೀವೇ ಹೇಳಿ ಮೇಡಂ, ಕುತ್ತಿಗೆಗೆ ಪಟ್ಟಿ ಹಾಕ್ಕೊಂಡು "ನಾನು ಪ್ರೇಮದ ಕೈದಿ" ಅಂತ ಬರೋ ಸುಯೆರೊ ಪಾತ್ರಧಾರಿ ಅಲ್ವಾ? ಅವನೊಬ್ಬನೇ ಅಲ್ಲ. 1227ರಲ್ಲಿ ಉಲ್ರಿಚ್ ಫಾನ್ ಲಿಖ್ಟನ್‌ಸ್ಟೈನ್ ಅನ್ನೋ ನೈಟ್ ಹೆಣ್ಣಿನ ವೇಷ ಹಾಕಿ, ಉದ್ದ ಜಡೆ ಇಳಿಬಿಟ್ಟು, "ನಾನು ಪ್ರೇಮದ ದೇವತೆ ವೀನಸ್" ಅಂತ ವೆನಿಸ್ ಕಡೆಯಿಂದ ವಿಯೆನ್ನಾ ದಾಟಿ ಹೋಗೋವರೆಗೂ ದಾರಿಯಲ್ಲಿ ಸಿಕ್ಕ ನೈಟ್‌ಗಳ ಜೊತೆ ಜೌಸ್ಟ್ ಮಾಡಿದೆ ಅಂತ ತಾನೇ ಬರ್ಕೊಂಡಿದ್ದಾನೆ. ಇಂಗ್ಲೆಂಡಿನ ಮೂರನೇ ಎಡ್ವರ್ಡ್ ರಾಜನ ಕಾಲದಲ್ಲಿ, 1331ರಲ್ಲಿ, ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ನಡೆದ ಟೂರ್ನಮೆಂಟ್‌ಗೆ ನೈಟ್‌ಗಳು ಟಾರ್ಟರರ (ಮಂಗೋಲರ ಕಡೆಯ ಜನ) ವೇಷದಲ್ಲಿ ಮುಖವಾಡ ಹಾಕ್ಕೊಂಡು ಬಂದ್ರು. 1343ರಲ್ಲಿ ಸ್ಮಿತ್‌ಫೀಲ್ಡಲ್ಲಿ ಒಬ್ಬ ಪೋಪ್, ಹನ್ನೆರಡು ಜನ ಕಾರ್ಡಿನಲ್‌ಗಳು ಕುದುರೆ ಏರಿ ಲ್ಯಾನ್ಸ್ ಹಿಡಿದು ಬಂದ್ರು, ಎಲ್ಲಾ ನೈಟ್‌ಗಳೇ. 1511ರಲ್ಲಿ ಎಂಟನೇ ಹೆನ್ರಿ ತನಗೆ ಮಗ ಹುಟ್ಟಿದ ಖುಷಿಗೆ ವೆಸ್ಟ್‌ಮಿನ್‌ಸ್ಟರಲ್ಲಿ ಟೂರ್ನಮೆಂಟ್ ಇಟ್ಟು, "ನಿಷ್ಠಾವಂತ ಹೃದಯ" ಅನ್ನೋ ಅರ್ಥದ ಫ್ರೆಂಚ್ ಹೆಸರು ಇಟ್ಕೊಂಡು ತಾನೇ ಅಖಾಡಕ್ಕೆ ಇಳಿದ, ಪಾಪ ಆ ಕೂಸು ಎರಡು ತಿಂಗಳೂ ಬದುಕಲಿಲ್ಲ. ಆ ಮೆರವಣಿಗೆಯ ಚಿತ್ರ ಉದ್ದನೆಯ ಸುರುಳಿಯಲ್ಲಿ ಬಿಡಿಸಿಟ್ಟಿದ್ದಾರೆ, ಇವತ್ತಿಗೂ ಲಂಡನ್ನಲ್ಲಿದೆ.

ಹಾಗಾದ್ರೆ ಶೋನಲ್ಲಿ ತಪ್ಪಿರೋದು ಏನು? ಕಾಲ. 11ನೇ ಶತಮಾನ ಅಂತಾರೆ, ಆದ್ರೆ ನೀವು ನೋಡಿದ್ದರಲ್ಲಿ 11ನೇ ಶತಮಾನದ್ದು ಅಂತ ಇರೋದು ತೀರಾ ಕಮ್ಮಿ. ಟೂರ್ನಮೆಂಟ್ ಅನ್ನೋದು ಆ ಶತಮಾನದ ಕೊನೆಗೆ ಫ್ರಾನ್ಸ್ ಕಡೆ ಇನ್ನೂ ಕಣ್ಣು ಬಿಡ್ತಿತ್ತು, ಅದೂ ಇಬ್ಬರ ಜೌಸ್ಟ್ ಅಲ್ಲ, ಎರಡು ದೊಡ್ಡ ಗುಂಪು ಮೈಲಿಗಟ್ಟಲೆ ಹೊಲ ಗದ್ದೆ ತುಳ್ಕೊಂಡು ಹೊಡೆದಾಡೋದು, ಸಿಕ್ಕಿಬಿದ್ದವನ ಕುದುರೆ, ಕವಚ ಕಿತ್ಕೊಂಡು ದುಡ್ಡಿಗೆ ಬಿಡೋದು. 12ನೇ ಶತಮಾನದಲ್ಲಿ ವಿಲಿಯಂ ಮಾರ್ಷಲ್ ಅನ್ನೋ ಇಂಗ್ಲೆಂಡಿನ ನೈಟ್ ಇದರಲ್ಲೇ ಹೆಸರು ದುಡ್ಡು ಎರಡೂ ಮಾಡಿದ. ನಿಮ್ಮ ಮಗನಿಗೆ ಅವನ ಕಥೆ ಹೇಳಿ, ಖಂಡಿತ ನಗ್ತಾನೆ. ಪ್ಲೂರ್ ಅನ್ನೋ ಊರಲ್ಲಿ ಟೂರ್ನಮೆಂಟ್ ಮುಗಿದ್ಮೇಲೆ ಬಹುಮಾನ ಕೊಡೋಕೆ ಅವನನ್ನ ಹುಡುಕ್ತಾರೆ, ಬಹುಮಾನ ಒಂದು ದೊಡ್ಡ ಮೀನು, ಇವನು ನೋಡಿದ್ರೆ ಕಮ್ಮಾರನ ಅಂಗಡೀಲಿ ಅಡಿಗಲ್ಲಿನ ಮೇಲೆ ತಲೆ ಇಟ್ಟಿದ್ದಾನೆ, ಪೆಟ್ಟು ತಿಂದು ತಿಂದು ಹೆಲ್ಮೆಟ್ ನಜ್ಜುಗುಜ್ಜಾಗಿ ತಲೆಯಿಂದ ಬರ್ತಾನೇ ಇಲ್ಲ, ಕಮ್ಮಾರ ಸುತ್ತಿಗೆ ಹಿಡಿದು ಬಡೀತಿದ್ದಾನೆ.

ಎರಡು ಕುದುರೆ ನಡುವೆ ಉದ್ದಕ್ಕೆ ತಡೆ ಕಟ್ಟೋದು ಇನ್ನೂ ಈಚೆಗೆ, 1400ರ ನಂತರ. ಅಲ್ಲಿವರೆಗೂ ಕುದುರೆಗೆ ಕುದುರೆ ಡಿಕ್ಕಿ ಹೊಡೆಯೋದು ಮಾಮೂಲಿ. ಕಿಟಕಿ ಥರ ಮುಚ್ಚೋ ಹೆಲ್ಮೆಟ್, ಮೈ ಪೂರ್ತಿ ಉಕ್ಕಿನ ಕವಚ ಎಲ್ಲಾ ಆ ಕಡೆಯವೇ. ನಿಜವಾದ 11ನೇ ಶತಮಾನದ ಸ್ಪೇನ್ ನೈಟ್ ಅಂದ್ರೆ ಎಲ್ ಸಿದ್ ಅಂತ ಕರೆಯೋ ರೊದ್ರಿಗೊ ದಿಯಾಸ್, ಅವನು ಹಾಕ್ತಿದ್ದದ್ದು ಕಬ್ಬಿಣದ ಉಂಗುರ ಹೆಣೆದ ಅಂಗಿ. ಅವನು ಕ್ರೈಸ್ತ ರಾಜನ ಸೇವೆ ಮಾಡಿದ್ದಾನೆ, ರಾಜ ಗಡೀಪಾರು ಮಾಡಿದಾಗ ಸರಗೋಸಾದ ಮುಸ್ಲಿಂ ಅರಸರ ಸೇವೆನೂ ಮಾಡಿದ್ದಾನೆ, ಕೊನೆಗೆ ವಲೆನ್ಸಿಯಾ ತಾನೇ ಹಿಡಿದು 1099ರಲ್ಲಿ ಅಲ್ಲೇ ಸತ್ತ. ಆ ಕಾಲದ ಸ್ಪೇನ್ ಅಂದ್ರೆ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ಒಂದೇ ಊರಲ್ಲಿ ಬದುಕ್ತಿದ್ದ, ಕಾದಾಡ್ತಿದ್ದ, ವ್ಯಾಪಾರ ಮಾಡ್ತಿದ್ದ ದೇಶ. ಶೋನಲ್ಲಿ ಅದರ ಸುಳಿವೇ ಇಲ್ಲ. ಕಾಗದದ ಕಿರೀಟ, ಟೊಮ್ಯಾಟೊ ಸೂಪ್ ಬಗ್ಗೆ ನನ್ನ ತಕರಾರೇನೂ ಇಲ್ಲ (ಟೊಮ್ಯಾಟೊ, ಜೋಳ, ಆಲೂಗಡ್ಡೆ ಮೂರೂ ಕೊಲಂಬಸ್ ನಂತರ ಯುರೋಪಿಗೆ ಬಂದವು, ಅದನ್ನ ಮಗನಿಗೆ ಕ್ವಿಜ್ ಥರ ಕೇಳಿ), ಆದ್ರೆ ಈ ಅರ್ಧ ಸ್ಪೇನನ್ನೇ ಬಿಟ್ಟಿರೋದು ನನಗೆ ನಿಜವಾಗ್ಲೂ ಬೇಜಾರು. ಒಬ್ಬ ಮೂರಿಶ್, ಅಂದ್ರೆ ಸ್ಪೇನಿನ ಮುಸ್ಲಿಂ, ಕುದುರೆ ಸವಾರ ಅತಿಥಿಯಾಗಿ ಬಂದ್ರೆ ವಿಲನ್ ಬೇಕಾಗ್ತಾನೇ ಇರ್ಲಿಲ್ಲ, ಕಥೆ ತಾನಾಗೇ ಬಿಚ್ಕೊಳ್ತಿತ್ತು.

ರಾಣಿ ವಿಷಯ. ಶೋನಲ್ಲಿ ಮೊದಲ 34 ವರ್ಷ ರಾಜನೇ ಇದ್ದ. 2017ರ ಕೊನೆ, 2018ರ ಹೊತ್ತಿಗೆ ಅದನ್ನ ಬದಲಾಯಿಸಿ ಡೋನ್ಯಾ ಮರಿಯಾ ಇಸಾಬೆಲ್ಲಾ ಅನ್ನೋ ರಾಣಿಯನ್ನ ಸಿಂಹಾಸನದ ಮೇಲೆ ಕೂರಿಸಿದ್ರು. ರಾಜಕುಮಾರಿ ಅಂದ್ರೆ ಸುಮ್ನೆ ಕೂತು ಹೂವು ಎಸೆಯೋ ಪಾತ್ರ ಆಗಿತ್ತು, ಈಗ ಆಜ್ಞೆ ಕೊಡೋದೇ ಹೆಣ್ಣು. ಕೆಲವರು "ಆ ಕಾಲದಲ್ಲಿ ಎಲ್ಲಿತ್ತು ಇದೆಲ್ಲಾ" ಅಂತ ಗೊಣಗಿದ್ರು, ಆದ್ರೆ ಇತಿಹಾಸ ಇಲ್ಲಿ ಶೋ ಪರವಾಗಿದೆ. ಲಿಯೋನ್ ಮತ್ತು ಕ್ಯಾಸ್ಟೀಲನ್ನ 1109ರಿಂದ 1126ರವರೆಗೆ ಉರ್ರಾಕಾ ಅನ್ನೋ ರಾಣಿ ಆಳಿದ್ಲು. ಗಂಡನ ಹೆಸರಲ್ಲಲ್ಲ, ಮಗನ ಹೆಸರಲ್ಲೂ ಅಲ್ಲ, ಅಪ್ಪ ಆರನೇ ಅಲ್ಫೊನ್ಸೊ ನಂತರ ಸಿಂಹಾಸನ ನೇರವಾಗಿ ಅವಳಿಗೇ ಬಂತು. ಗಂಡ ಅರಗಾನ್‌ನ ರಾಜ, ಅವನ ಜೊತೆ ಸಂಸಾರ ಕೆಟ್ಟು ಯುದ್ಧನೇ ಆಯ್ತು, ಆದ್ರೂ ಸಾಯೋವರೆಗೂ ರಾಜ್ಯ ಬಿಟ್ಟುಕೊಡಲಿಲ್ಲ. ಹಾಗಾಗಿ ಶೋನ ಎಲ್ಲಾ ಪಾತ್ರಗಳಲ್ಲಿ ಹೇಳಿದ ಕಾಲಕ್ಕೂ ಹೇಳಿದ ದೇಶಕ್ಕೂ ಅತಿ ಹತ್ತಿರ ಕೂರೋದು ರಾಣಿನೇ. ಟೂರ್ನಮೆಂಟ್ ಅಖಾಡದಲ್ಲೂ ಹೆಂಗಸರು ಬರೀ ಗ್ಯಾಲರಿಯಲ್ಲಿ ಕೂತಿರ್ಲಿಲ್ಲ, 1348ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ನೈಟನ್ ಅನ್ನೋ ಚರಿತ್ರೆಕಾರ, ನಲವತ್ತು ಐವತ್ತು ಜನ ಹೆಂಗಸರು ಗಂಡಸರ ಬಟ್ಟೆ ಹಾಕ್ಕೊಂಡು, ಸೊಂಟಕ್ಕೆ ಕಠಾರಿ ಸಿಕ್ಕಿಸ್ಕೊಂಡು ಒಳ್ಳೊಳ್ಳೆ ಕುದುರೆ ಮೇಲೆ ಟೂರ್ನಮೆಂಟಿಗೆ ಬರ್ತಾರೆ ಅಂತ ಸಿಟ್ಟಲ್ಲಿ ಬರೆದಿದ್ದಾನೆ. ಅವನ ಸಿಟ್ಟಿನಿಂದಲೇ ನಮಗೆ ವಿಷಯ ಗೊತ್ತಾಗಿದ್ದು.

ಘೋಷಣೆ ಮಾಡೋ ಪಾತ್ರಕ್ಕೂ ಅಸಲಿ ಮೂಲ ಇದೆ, ಅವರನ್ನ ಹೆರಾಲ್ಡ್ ಅಂತಿದ್ರು. ಮುಖ ಮುಚ್ಚಿದ ನೈಟನ್ನ ಗುರಾಣಿ ಮೇಲಿನ ಚಿಹ್ನೆ ನೋಡಿ ಗುರುತಿಸೋದು, ಹೆಸರು ಕೂಗೋದು, ಆಮೇಲೆ ಸ್ಕೋರ್ ಬರೆಯೋದು ಅವರ ಕೆಲಸ. ಹೌದು, ಸ್ಕೋರ್ ಶೀಟ್ ಇತ್ತು! 1466ರಲ್ಲಿ ಇಂಗ್ಲೆಂಡಲ್ಲಿ ಜಾನ್ ಟಿಪ್ಟಾಫ್ಟ್ ಬರೆದ ನಿಯಮಗಳಲ್ಲಿ ಯಾವ ಪೆಟ್ಟಿಗೆ ಎಷ್ಟು ಬೆಲೆ ಅಂತ ವಿವರವಾಗಿದೆ. ಎದುರಾಳಿಯನ್ನ ಕುದುರೆಯಿಂದ ಕೆಡವಿದ್ರೆ ದೊಡ್ಡದು, ಲ್ಯಾನ್ಸ್ ಸರಿಯಾಗಿ ಮುರಿದ್ರೂ ಲೆಕ್ಕ. ಕುದುರೆಗೆ ಹೊಡೆದ್ರೆ ಬಹುಮಾನನೇ ಇಲ್ಲ. ನಿಮ್ಮ ಹಸಿರು ನೈಟ್‌ನ ಎಷ್ಟೋ ಆಟಗಳು ಈ ಶೀಟಲ್ಲಿ ಸೊನ್ನೆ.

ಈಗ ಬೀಳೋದು ನಿಜಾನಾ ಅನ್ನೋ ಪ್ರಶ್ನೆ. ಯಾರು ಗೆಲ್ಲಬೇಕು ಅನ್ನೋದು ಮೊದಲೇ ನಿರ್ಧಾರ ಆಗಿರುತ್ತೆ, ಇವತ್ತು ಗೆದ್ದ ಬಣ್ಣ ನಾಳೆ ಸೋಲಬಹುದು, ಕತ್ತಿ ವರಸೆ ಪೂರ್ತಿ ಡ್ಯಾನ್ಸ್ ಥರ ಹೆಜ್ಜೆ ಲೆಕ್ಕದಲ್ಲಿ ಕಲಿತಿರೋದು. ಇಂಥಾ ಪ್ರದರ್ಶನಗಳಲ್ಲಿ ಲ್ಯಾನ್ಸ್ ತುದಿ ಮುರಿಯೋಕೆ ಅಂತಲೇ ಮಾಡಿರೋ ಹಗುರ ಮರದ್ದು. ಪೆಟ್ಟು ತಿಂದವನೇ ಜೀನಿನಿಂದ ಸರಿಯಾದ ಕ್ಷಣಕ್ಕೆ ತನ್ನನ್ನ ತಾನು ಎಸ್ಕೋತಾನೆ, ಅಂದ್ರೆ ಜೌಸ್ಟಲ್ಲಿ ನಿಮಗೆ ಮೈ ಝುಂ ಅನ್ನಿಸಿದ್ದು ಹೊಡೆದವನ ಕೆಲಸಕ್ಕಿಂತ ಬಿದ್ದವನ ಕೆಲಸ. ಆದ್ರೆ ಕುದುರೆ ನಿಜ, ಅದರ ವೇಗ ನಿಜ, ನೆಲ ನಿಜ. ಆ ಎತ್ತರದಿಂದ ವಾರದಲ್ಲಿ ಎಷ್ಟೋ ಸಲ ಬೀಳೋ ಮೈಗೆ ಅದು ನಾಟಕ ಅಂತ ಗೊತ್ತಿರಲ್ಲ. ಅವರಲ್ಲಿ ಬಹಳ ಜನ ಮೊದಲು ಸ್ಕ್ವಯರ್, ಅಂದ್ರೆ ನೈಟ್‌ನ ಸಹಾಯಕ, ಆಗಿ ಸೇರಿ, ಲಾಯ ಗುಡಿಸಿ, ಲ್ಯಾನ್ಸ್ ಎತ್ತಿಕೊಟ್ಟು, ನಿಧಾನಕ್ಕೆ ಸವಾರಿ ಕಲಿತು ನೈಟ್ ಆದೋರು. ಈ ಕೆಲಸದ ಕಷ್ಟ ಹೊರಗೆ ಬಂದಿದ್ದು 2022ರಲ್ಲಿ, ಆ ವರ್ಷ ಜುಲೈನಲ್ಲಿ ಇದೇ ಲಿಂಡ್‌ಹರ್ಸ್ಟ್ ಕಲಾವಿದರು ಯೂನಿಯನ್ ಸೇರೋಕೆ ವೋಟ್ ಹಾಕಿದ್ರು, ನವೆಂಬರಲ್ಲಿ ಬ್ಯೂನಾ ಪಾರ್ಕ್‌ನೋರು ಹಾಕಿದ್ರು, 2023ರಲ್ಲಿ ಬ್ಯೂನಾ ಪಾರ್ಕಲ್ಲಿ ತಿಂಗಳುಗಟ್ಟಲೆ ಸ್ಟ್ರೈಕ್ ನಡೀತು. ಸಂಬಳದ ಜೊತೆ ಅವರು ಎತ್ತಿದ ಮುಖ್ಯ ಮಾತು ಸುರಕ್ಷತೆ. ಪ್ರೇಕ್ಷಕರ ಗದ್ದಲಕ್ಕೆ ಕುದುರೆ ಬೆದರಿದ್ರೆ ಮೇಲಿರೋನ ಗತಿ ಏನು ಅಂತ ಯೋಚಿಸಿ. ಮುಂದಿನ ಸಲ ಹೋದಾಗ ಮಗನಿಗೆ ಬಾಯಲ್ಲಿ ಎಷ್ಟು ಬೇಕಾದ್ರೂ ಕೂಗು, ತಟ್ಟೆ ಮಾತ್ರ ಬಡೀಬೇಡ ಅಂತ ಹೇಳಿ.

ಕುದುರೆಗಳನ್ನ ನಾನು ಪಾತ್ರಗಳ ಪಟ್ಟಿಗೇ ಸೇರಿಸ್ತೀನಿ. ಬಿಳಿ ಬೂದು ಬಣ್ಣದ, ಕತ್ತು ಬಿಲ್ಲಿನ ಹಾಗೆ ಬಾಗಿಸಿ ಕುಣಿಯೋವು ಆಂಡಲೂಶಿಯನ್ ಅನ್ನೋ ಸ್ಪೇನ್ ತಳಿ, ಕಂಪನಿಯವರು ಟೆಕ್ಸಸ್‌ನ ಸ್ಯಾಂಗರ್ ಹತ್ರ ತಮ್ಮದೇ ರ‍್ಯಾಂಚಲ್ಲಿ ಸಾಕ್ತಾರೆ. ಓಟದ ಆಟಗಳಿಗೆ ಕ್ವಾರ್ಟರ್ ಹಾರ್ಸ್ ಅನ್ನೋ ಅಮೆರಿಕದ ತಳಿ. ಮುಂಗಾಲು ಎತ್ತಿ ನಿಲ್ಲೋದು, ಗಾಳಿಗೆ ನೆಗೆದು ಒದೆಯೋದು ಎಲ್ಲಾ 16ನೇ ಶತಮಾನದಲ್ಲಿ ಇಟಲಿಯಿಂದ ಶುರುವಾಗಿ ಯುರೋಪಿನ ಅರಮನೆಗಳಲ್ಲಿ ಬೆಳೆದ ಸವಾರಿ ವಿದ್ಯೆ, ಮಧ್ಯಯುಗದ್ದಲ್ಲ, ಆದ್ರೂ ಒಂದು ಚೂರೂ ಮೋಸ ಇಲ್ಲದ ವಿದ್ಯೆ. ಹಾಗೇ ಓಡೋ ಕುದುರೆ ಮೇಲಿಂದ ಸಣ್ಣ ಉಂಗುರಕ್ಕೆ ಲ್ಯಾನ್ಸ್ ತೂರಿಸ್ತಾರಲ್ಲ, ಅಲ್ಲಿ ಸ್ಕ್ರಿಪ್ಟ್ ಇಲ್ಲ, ತಾಗಿದ್ರೆ ತಾಗ್ತು ಇಲ್ಲಾಂದ್ರೆ ಇಲ್ಲ. ಮೇರಿಲ್ಯಾಂಡ್ ರಾಜ್ಯ 1962ರಲ್ಲೇ ಜೌಸ್ಟಿಂಗನ್ನ ತನ್ನ ರಾಜ್ಯ ಕ್ರೀಡೆ ಅಂತ ಘೋಷಿಸಿದೆ, ಅಲ್ಲಿ ಆಡೋದು ಈ ಉಂಗುರದ ಆಟನೇ. ನಿಮ್ಮ ಮಾವ ಮೈಸೂರು ದಸರಾದ ಪಂಜಿನ ಕವಾಯತು ನೋಡಿದ್ರೆ ಅವರಿಗೆ ತಕ್ಷಣ ಗೊತ್ತಾಗುತ್ತೆ, ಬನ್ನಿಮಂಟಪದಲ್ಲಿ ಅಶ್ವಾರೋಹಿ ಪೊಲೀಸರು ಕುದುರೆ ಓಡಿಸ್ಕೊಂಡು ಬಂದು ನೆಲದ ಗೂಟಕ್ಕೆ ಈಟಿ ಚುಚ್ಚಿ ಎತ್ಕೊಂಡು ಹೋಗ್ತಾರಲ್ಲ, ಟೆಂಟ್ ಪೆಗ್ಗಿಂಗು, ಕಣ್ಣು ಕೈ ಜೀನು ಮೂರೂ ಒಂದೇ ಗೆರೆಯಲ್ಲಿ ನಿಲ್ಲಿಸೋ ಅದೇ ಕಸುಬು. ಈ ಕಸುಬಿನ ಬಗ್ಗೆ 15ನೇ ಶತಮಾನದಲ್ಲಿ ಪೋರ್ಚುಗಲ್ ರಾಜ ದುವಾರ್ತೆ ಒಂದು ಪುಸ್ತಕನೇ ಬರೆದ. ಲ್ಯಾನ್ಸ್ ಗುರಿ ತಪ್ಪೋಕೆ ಅವನು ಕೊಡೋ ದೊಡ್ಡ ಕಾರಣ ಗೊತ್ತಾ? ಪೆಟ್ಟು ಬೀಳೋ ಕ್ಷಣದಲ್ಲಿ ಕಣ್ಣು ಮುಚ್ಕೊಳ್ಳೋದು. ಎಷ್ಟೋ ಜನಕ್ಕೆ ತಾವು ಕಣ್ಣು ಮುಚ್ಚಿದ್ದೇ ಗೊತ್ತಾಗಲ್ಲ ಅಂತಾನೆ ರಾಜ.

ಇಂಥಾ ಶೋಗಳು ಅಮೆರಿಕದವರ ಕಂಡುಹಿಡಿಕೆ ಅಂದ್ಕೋಬೇಡಿ. 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ ಅರ್ಲ್ (ಅರ್ಲ್ ಅಂದ್ರೆ ಒಂದು ಶ್ರೀಮಂತ ಪದವಿ) ತನ್ನ ಎಸ್ಟೇಟಲ್ಲಿ ಟೂರ್ನಮೆಂಟ್ ಇಟ್ಟ. ಶ್ರೀಮಂತರೆಲ್ಲಾ ಡ್ರ್ಯಾಗನ್ ನೈಟ್, ಹಂಸದ ನೈಟ್ ಅಂತ ಪಾತ್ರ ಹಂಚ್ಕೊಂಡ್ರು, ಲೇಡಿ ಸೀಮೋರ್ ಸೌಂದರ್ಯದ ರಾಣಿ, ಮುಂದೆ ಫ್ರಾನ್ಸಿಗೆ ಚಕ್ರವರ್ತಿ ಆದ ಲೂಯಿ ನೆಪೋಲಿಯನ್ ಕೂಡ ಬಂದಿದ್ದ. ಸುಮಾರು ಒಂದು ಲಕ್ಷ ಜನ ಸೇರಿದ್ರು ಅಂತಾರೆ. ಮೊದಲನೇ ದಿನವೇ ಧೋ ಅಂತ ಮಳೆ ಹೊಡೆದು ಅಖಾಡ ಕೆಸರಾಯ್ತು, ಟೂರ್ನಮೆಂಟಿನ ರಾಜನ ಪಾತ್ರ ಮಾಡಿದ್ದ ಲಂಡನ್‌ಡೆರಿ ಮಾರ್ಕ್ವಿಸ್ ಕಿರೀಟದ ಮೇಲೆ ಛತ್ರಿ ಹಿಡ್ಕೊಂಡ. ಆದ್ರೂ ಒಂದೆರಡು ದಿನ ಬಿಟ್ಟು ಬಿಸಿಲು ಬಂದಾಗ ಮತ್ತೆ ಜೌಸ್ಟ್ ಮಾಡೇ ಮುಗಿಸಿದ್ರು.

ಮಗನಿಗೆ ಏನು ತೋರಿಸ್ಲಿ ಅಂದ್ರಲ್ಲ, ನ್ಯೂಜೆರ್ಸಿಯಲ್ಲಿದ್ದೀರಿ, ಒಂದು ಶನಿವಾರ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕರ್ಕೊಂಡು ಹೋಗಿ, ಆಯುಧ ಮತ್ತು ಕವಚಗಳ ವಿಭಾಗಕ್ಕೆ. ಕುದುರೆ ಮೇಲೆ ಕೂತ ಕವಚಗಳ ಮೆರವಣಿಗೆ ಮಧ್ಯದಲ್ಲೇ ಸಿಗುತ್ತೆ. ಅದನ್ನ ನೋಡಿ ಆದ್ಮೇಲೆ ಜಾರ್ಜ್ ಕ್ಲಿಫರ್ಡ್ ಕವಚ ಎಲ್ಲಿದೆ ಅಂತ ಕೇಳಿ. ಇವನು ಕಂಬರ್‌ಲ್ಯಾಂಡ್‌ನ ಅರ್ಲ್, ಮೊದಲನೇ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ ದಿನದ ನೆನಪಿಗೆ ಪ್ರತಿ ನವೆಂಬರ್ 17ಕ್ಕೆ ನಡೀತಿದ್ದ ಜೌಸ್ಟ್‌ಗಳಲ್ಲಿ 1590ರಿಂದ ರಾಣಿಯ ಚಾಂಪಿಯನ್. ಆ ಜೌಸ್ಟ್‌ಗಳಿಗೆ ಎಲ್ಲರೂ ಒಂದೊಂದು ಪಾತ್ರ 'ಆಗಿ' ಬರ್ಬೇಕು, ಹಾಡು, ಭಾಷಣ, ಚಿತ್ರ ಬಿಡಿಸಿದ ಗುರಾಣಿ ಎಲ್ಲಾ ಬೇಕು, ಇವನು ಪೆಂಡ್ರ್ಯಾಗನ್ ಕೋಟೆಯ ನೈಟ್ ಅಂತ ಬರ್ತಿದ್ದ. ಕವಚದ ಮೇಲೆ ಬಂಗಾರದ ಬಣ್ಣದಲ್ಲಿ ಟ್ಯೂಡರ್ ಗುಲಾಬಿ (ರಾಣಿಯ ವಂಶದ ಚಿಹ್ನೆ), ಬೆನ್ನಿಗೆ ಬೆನ್ನು ಕೊಟ್ಟ ಎರಡು 'ಇ' ಅಕ್ಷರ ಇವೆ, ಎಲಿಜಬೆತ್‌ದು, ಅದನ್ನ ಹುಡುಕೋಕೆ ಮಗನಿಗೇ ಬಿಡಿ. ಜೌಸ್ಟಿಗೆ ಅಂತ ಮೇಲೆ ಜೋಡಿಸೋ ಹೆಚ್ಚುವರಿ ತುಂಡುಗಳೂ ಪಕ್ಕದಲ್ಲಿವೆ, ಎಡಗಡೆಗೆ ಜಾಸ್ತಿ ದಪ್ಪ ಯಾಕಿದೆ ಅಂತ ಕೇಳಿ, ತಡೆಯ ಆ ಬದಿಯಿಂದಲೇ ಲ್ಯಾನ್ಸ್ ಬರೋದು ಅಂತ ಒಂದು ನಿಮಿಷದಲ್ಲಿ ಅವನೇ ಕಂಡುಹಿಡೀತಾನೆ.

ಮತ್ತೆ ಮಿಡೀವಲ್ ಟೈಮ್ಸ್‌ಗೆ ಹೋಗೋದಾದ್ರೆ ಬೇರೆ ಬಣ್ಣದ ಸೆಕ್ಷನ್ ಸಿಗುತ್ತಾ ಅಂತ ಬುಕ್ ಮಾಡುವಾಗಲೇ ವಿಚಾರಿಸಿ, ಅತ್ತೆ ಮಾವ ಸಸ್ಯಾಹಾರಿಗಳಾದ್ರೆ ಅದನ್ನೂ ಆಗಲೇ ಹೇಳಿಬಿಡಿ, ವೆಜ್ ಊಟ ಕೊಡ್ತಾರೆ. ಮತ್ತೆ ಹಸಿರೇ ಬಂದ್ರೂ ಚಿಂತೆ ಬೇಡ. ಸುಯೆರೊ ಕಥೆ ಹೇಳಿ ಕರ್ಕೊಂಡು ಹೋಗಿ, ಹಸಿರು ನೈಟ್ ಸರಿಯಾಗಿ ಲ್ಯಾನ್ಸ್ ಮುರಿದಾಗ ಚಪ್ಪಾಳೆ ಹೊಡಿ, ಹಿಂದಿನಿಂದ ಹೊಡೆದಾಗ ನಮ್ಮ ಸೆಕ್ಷನ್‌ನವನಾದ್ರೂ ನೀನೇ ಮೊದಲು ಬೂ ಅನ್ನು ಅಂತ ಹೇಳಿ, ಹೆರಾಲ್ಡ್‌ಗಳೂ ಅದನ್ನೇ ಮಾಡ್ತಿದ್ದದ್ದು.